ಬೋಲ್ಟ್ ಕೂತರೆ ಸಾಲದು, ಅಳತೆಯೂ ಕೂಡಬೇಕು
ಅಂಬಾಸಿಡರ್ ಮತ್ತು ಎಂಜಿ ಸ್ಪೋರ್ಟ್ಸ್ ಕಾರು: ಒಂದೇ ಮನೆತನದ ಇಂಜಿನ್‌ಗಳ ಹೆಡ್ ಬದಲಾವಣೆಯ ಲೆಕ್ಕಾಚಾರ

ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ನಮ್ಮವರಿಗೆ ಶಿರಾಡಿ ಘಾಟಿ, ಸಕಲೇಶಪುರ, ಹಾಸನ, ಚನ್ನರಾಯಪಟ್ಟಣ ಎಲ್ಲವೂ ಬಾಯಿಪಾಠ. ಚನ್ನರಾಯಪಟ್ಟಣ ತಾಲೂಕಿನದೇ ಹೋಬಳಿ ಬಾಗೂರು. ಹೆದ್ದಾರಿಯಿಂದ ಒಳಗೆ, ತೆಂಗಿನ ತೋಟಗಳ ನಡುವಿನ ಊರು. ಹೇಮಾವತಿ ನಾಲೆಯ ಬಾಗೂರು-ನವಿಲೆ ಸುರಂಗದಿಂದಾಗಿ ಹೆಸರು ಕೇಳಿದವರು ಹೆಚ್ಚು, ಊರು ನೋಡಿದವರು ಕಡಿಮೆ. ಇಂಥ ಊರುಗಳ ತೋಟದ ಶೆಡ್ಡುಗಳಲ್ಲಿ ಟಾರ್ಪಾಲು ಹೊದ್ದು ಮಲಗಿರುವ ಹಳೆ ಪೆಟ್ರೋಲ್ ಅಂಬಾಸಿಡರ್ ಒಂದನ್ನು ಮತ್ತೆ ರಸ್ತೆಗೆ ತರಬೇಕೆಂದು ಯಾರಾದರೂ ಹೊರಟರೆ, ಮೊದಲು ಎದುರಾಗುವ ದೊಡ್ಡ ಪ್ರಶ್ನೆ ಇಂಜಿನ್ನಿನ ಹೆಡ್‌ನದು. ಹಳೆ ಹೆಡ್ ಬಿರುಕು ಬಿಟ್ಟಿದೆ, ಹೊಸತು ಸಿಗುತ್ತಿಲ್ಲ. ಆಗ ಗ್ಯಾರೇಜಿನಲ್ಲಿ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ: "ಎಂಜಿ ಕಾರಿಂದು ಹಾಕಿ, ಹಾಗೇ ಕೂತ್ಕೊಳ್ತದೆ. ಪಿಕಪ್ಪೂ ಜಾಸ್ತಿ."

ಈ ಮಾತು ಸುಳ್ಳಲ್ಲ. ಆದರೆ ಅರ್ಧ ಸತ್ಯ. ಆ ಅರ್ಧ ಸತ್ಯವನ್ನು ನಂಬಿ ಕೆಲಸಕ್ಕೆ ಇಳಿದರೆ ಹೆಡ್ ಜೊತೆಗೆ ಇಂಜಿನ್ನೂ ಹೋಗಬಹುದು. ಉಳಿದ ಅರ್ಧವನ್ನು ಈ ವಾರ ಬಿಡಿಸಿ ನೋಡೋಣ.

ಟ್ಯಾಕ್ಸಿಗೂ ಸ್ಪೋರ್ಟ್ಸ್ ಕಾರಿಗೂ ಒಂದೇ ಮನೆತನ

ಬ್ರಿಟನ್ನಿನ ಆಸ್ಟಿನ್ ಕಂಪನಿಯೂ, ಮೋರಿಸ್ ಮತ್ತು ಎಂಜಿ ಕಾರುಗಳನ್ನು ಮಾಡುತ್ತಿದ್ದ ನಫೀಲ್ಡ್ ಸಂಸ್ಥೆಯೂ 1952ರಲ್ಲಿ ಒಂದಾಗಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದರೆ ಬಿಎಂಸಿ ಆಯಿತು. ಆಸ್ಟಿನ್ ಬಳಿ ಇದ್ದ ಇಂಜಿನ್ನೊಂದನ್ನು ಬೆಳೆಸಿ ಅದಕ್ಕೆ 'ಬಿ-ಸೀರೀಸ್' ಎಂದು ಹೆಸರಿಟ್ಟರು. ನಾಲ್ಕು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್, ಎರಕದ ಕಬ್ಬಿಣದ್ದೇ ಹೆಡ್, ಪುಶ್‌ರಾಡ್‌ನಿಂದ ತೆರೆಯುವ ವಾಲ್ವ್. ನಾಜೂಕು ಎನ್ನುವುದು ಇಲ್ಲವೇ ಇಲ್ಲ, ಸುತ್ತಿಗೆ-ಸ್ಪ್ಯಾನರ್ ಹಿಡಿದು ಬೆಳೆದ ಮೇಸ್ತ್ರಿಗೆ ಹೇಳಿ ಮಾಡಿಸಿದ ಇಂಜಿನ್.

ಕೋಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನು ಆಧರಿಸಿ ಅಂಬಾಸಿಡರ್ ತಯಾರಿಸತೊಡಗಿದ್ದು 1957ರ ಹೊತ್ತಿಗೆ. ಮೊದಲು ಇದ್ದದ್ದು ಹಳೆ ಕಾಲದ ಸೈಡ್ ವಾಲ್ವ್ ಇಂಜಿನ್. ಸ್ವಲ್ಪ ದಿನಕ್ಕೇ ಅದನ್ನು ಬಿಟ್ಟು 1489 ಸಿಸಿಯ ಬಿ-ಸೀರೀಸ್ ಇಂಜಿನ್ ಕೂರಿಸಿದರು. ಶಕ್ತಿ ಸುಮಾರು 55 ಅಶ್ವಶಕ್ತಿ. ದಶಕಗಳ ಕಾಲ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಮದುವೆ ದಿಬ್ಬಣದಲ್ಲಿ, ಸರಕಾರಿ ಕಚೇರಿಯ ಪೋರ್ಟಿಕೋದಲ್ಲಿ ನಾವು ಕೇಳಿದ್ದು ಇದರದೇ ಸದ್ದು.

ಅದೇ 1489 ಸಿಸಿ ಇಂಜಿನ್ 1955ರಲ್ಲಿ ಇಂಗ್ಲೆಂಡಿನ ಆಬಿಂಗ್‌ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಬಾನೆಟ್ ಕೆಳಗೂ ಇತ್ತು. 1962ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಎಂಜಿಎ ತಯಾರಾದವು. ಅದರ ನಂತರ ಬಂದ ಎಂಜಿಬಿಯಲ್ಲೂ 1980ರವರೆಗೆ ಇದೇ ಮನೆತನದ ದೊಡ್ಡಣ್ಣ, 1798 ಸಿಸಿ ಇಂಜಿನ್.

ಅಂದರೆ ನಮ್ಮ ಡ್ರೈವರ್ ಕಾಕಂದಿರು ಐದಾರು ಜನರನ್ನು ಕೂರಿಸಿ, ಮೇಲಿನ ಕ್ಯಾರಿಯರ್‌ಗೆ ಗಂಟುಮೂಟೆ ಕಟ್ಟಿ ಘಾಟಿ ಹತ್ತಿಸುತ್ತಿದ್ದ ಇಂಜಿನ್ನೂ, ಯುರೋಪಿನಲ್ಲಿ ರೇಸ್ ಓಡಿದ ಇಂಜಿನ್ನೂ ರಕ್ತಸಂಬಂಧಿಗಳು. ಒಂದರ ಹೆಡ್ ಇನ್ನೊಂದರ ಮೇಲೆ ಕೂರುವುದು ಈ ಸಂಬಂಧದಿಂದಲೇ.

ಹೆಡ್ ಅಂದರೆ ಏನು?

ಗ್ಯಾರೇಜ್ ಕಡೆ ಹೋಗದವರಿಗಾಗಿ ಒಂದು ಮಾತು. ಇಂಜಿನ್ನಿನ ಬ್ಲಾಕ್ ಎಂದರೆ ಪಾತ್ರೆ, ಹೆಡ್ ಎಂದರೆ ಮುಚ್ಚಳ. ನಡುವೆ ಗ್ಯಾಸ್ಕೆಟ್, ಕುಕ್ಕರಿಗೆ ಇರುವ ಹಾಗೆ. ಆದರೆ ಈ ಮುಚ್ಚಳ ಸುಮ್ಮನೆ ಮುಚ್ಚಿ ಕೂರುವುದಿಲ್ಲ. ಪೆಟ್ರೋಲ್ ಮತ್ತು ಗಾಳಿ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ, ಎರಡನ್ನೂ ತೆರೆದು ಮುಚ್ಚುವ ವಾಲ್ವ್‌ಗಳು, ಕಿಡಿ ಹೊತ್ತುವ ಪ್ಲಗ್, ತಣಿಸುವ ನೀರಿನ ಓಣಿ ಎಲ್ಲವೂ ಇದರಲ್ಲೇ. ಮಿಶ್ರಣ ಉರಿಯುವ ಗುಂಡಿ, ಅಂದರೆ ಚೇಂಬರ್ ಇರುವುದೂ ಹೆಡ್‌ನ ಅಡಿಯಲ್ಲೇ. ಇಂಜಿನ್ ಎಷ್ಟು ಉಸಿರಾಡುತ್ತದೆ, ಎಷ್ಟು ಒತ್ತಡದಲ್ಲಿ ಉರಿಯುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಹೆಡ್. ಹಾಗಾಗಿ ಇಂಜಿನ್ನಿನ ಜೋರು ಹೆಚ್ಚಿಸಬೇಕು ಎನ್ನುವವರ ಕೈ ಮೊದಲು ಹೋಗುವುದು ಹೆಡ್‌ಗೆ.

ಬಿ-ಸೀರೀಸ್ ಹೆಡ್‌ನಲ್ಲಿ ಸಿಲಿಂಡರ್ ನಾಲ್ಕಿದ್ದರೂ ಒಳಬರುವ ದಾರಿ ಎರಡೇ, ಹೊರಹೋಗುವುದು ಮೂರು. ಒಂದು-ಎರಡನೇ ಸಿಲಿಂಡರ್‌ಗೆ ಒಂದು ಇನ್‌ಲೆಟ್, ಮೂರು-ನಾಲ್ಕನೆಯದಕ್ಕೆ ಇನ್ನೊಂದು. ನಡುವಿನ ಎರಡು ಸಿಲಿಂಡರ್‌ಗೆ ಹೊಗೆಯ ದಾರಿ ಒಂದೇ. ಅಂಬಾಸಿಡರ್, ಎಂಜಿಎ, ಎಂಜಿಬಿ ಎಲ್ಲದರಲ್ಲೂ ಇದೇ ಏರ್ಪಾಡು. ಅಂಬಾಸಿಡರ್‌ನ ಒಂಟಿ ಕಾರ್ಬುರೇಟರ್ ತೆಗೆದು ಎಂಜಿಯ ಜೋಡಿ ಎಸ್‌ಯು ಕಾರ್ಬುರೇಟರ್ ಕೂರಿಸುವ ಯೋಚನೆ ಹುಟ್ಟುವುದಕ್ಕೂ ಇದೇ ಕಾರಣ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಈ ಮನೆತನದ ಇಂಜಿನ್‌ಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಅಂದರೆ ಸ್ಟ್ರೋಕ್, 88.9 ಮಿಲಿಮೀಟರ್. 1489 ಸಿಸಿಯಲ್ಲೂ ಅಷ್ಟೇ, 1798 ಸಿಸಿಯಲ್ಲೂ ಅಷ್ಟೇ. ಬೆಳೆದದ್ದು ಬೋರ್, ಸಿಲಿಂಡರಿನ ಅಗಲ. ಎಂಜಿಎ 1500 ಮತ್ತು ಅಂಬಾಸಿಡರ್‌ನಲ್ಲಿ ಅದು ಸುಮಾರು 73 ಮಿ.ಮೀ. 1588 ಸಿಸಿಯ ಎಂಜಿಎ 1600ರಲ್ಲಿ 75.4, 1622 ಸಿಸಿಯ ಮಾರ್ಕ್ 2ರಲ್ಲಿ 76.2, ಎಂಜಿಬಿಯಲ್ಲಿ 80.26 ಮಿ.ಮೀ.

ಬೋರ್ ದೊಡ್ಡದಾದಂತೆ ಹೆಡ್ ಮಾಡುವವರು ವಾಲ್ವ್‌ಗಳನ್ನೂ ಚೇಂಬರನ್ನೂ ದೊಡ್ಡದು ಮಾಡಿದರು. ಎಂಜಿಎ 1500ರ ಇನ್‌ಲೆಟ್ ವಾಲ್ವ್ 38.1 ಮಿ.ಮೀ. ಮಾರ್ಕ್ 2ರಲ್ಲೂ ಮೊದಮೊದಲ ಎಂಜಿಬಿಯಲ್ಲೂ 39.7. 1970ರ ದಶಕದ ಕೆಲವು ಎಂಜಿಬಿ ಹೆಡ್‌ಗಳಲ್ಲಿ 41.3 ಮಿ.ಮೀ. ಕಣ್ಣಿಗೆ ಮೂರೇ ಮಿ.ಮೀ. ವ್ಯತ್ಯಾಸ. ಆದರೆ ವಿಸ್ತೀರ್ಣದ ಲೆಕ್ಕದಲ್ಲಿ 38.1ಕ್ಕಿಂತ 41.3ರ ವಾಲ್ವ್ ಸುಮಾರು ಶೇ. 17ರಷ್ಟು ದೊಡ್ಡದು. "ಪಿಕಪ್ಪೂ ಜಾಸ್ತಿ" ಎಂಬ ಮಾತಿನ ಮೂಲ ಇದು. ಅಷ್ಟರಮಟ್ಟಿಗೆ ಮಾತು ನಿಜ.

ಇನ್ನು ತೊಂದರೆಯ ಭಾಗ. ಎಂಜಿಎ 1500ರ ಹೆಡ್‌ನ ಒಂದೊಂದು ಚೇಂಬರ್ ಹಿಡಿಯುವುದು ಸುಮಾರು 38.3 ಸಿಸಿ. ಎಂಜಿಬಿ ಹೆಡ್‌ನದು ಸುಮಾರು 43 ಸಿಸಿ. ಈ ನಾಲ್ಕೂ ಮುಕ್ಕಾಲು ಸಿಸಿಯಷ್ಟು ವ್ಯತ್ಯಾಸಕ್ಕೆ ಏನು ಮಹಾ ಎನ್ನಬೇಡಿ. ಲೆಕ್ಕ ಹಾಕಿ ನೋಡೋಣ.

1489 ಸಿಸಿಯನ್ನು ನಾಲ್ಕರಿಂದ ಭಾಗಿಸಿದರೆ ಒಂದು ಸಿಲಿಂಡರಿಗೆ 372 ಸಿಸಿ. ಎಂಜಿಎ 1500ರ ಕಂಪ್ರೆಶನ್ 8.3ಕ್ಕೆ 1. ಅಂದರೆ ಪಿಸ್ಟನ್ ತುತ್ತತುದಿಗೆ ಬಂದಾಗ ಚೇಂಬರ್, ಗ್ಯಾಸ್ಕೆಟ್ ಎಲ್ಲ ಸೇರಿ ಮೇಲೆ ಉಳಿಯುವ ಜಾಗ ಸುಮಾರು 51 ಸಿಸಿ. ಎಂಜಿಬಿ ಹೆಡ್ ಹಾಗೆಯೇ ತಂದು ಕೂರಿಸಿದರೆ ಈ ಜಾಗ ಸುಮಾರು 55.7 ಸಿಸಿ ಆಗುತ್ತದೆ. ಕಂಪ್ರೆಶನ್ 7.7ಕ್ಕೆ ಇಳಿಯುತ್ತದೆ. ದೊಡ್ಡ ವಾಲ್ವ್‌ನಿಂದ ಬಂದ ಲಾಭ, ಕಂಪ್ರೆಶನ್ ಇಳಿದದ್ದರಿಂದ ಕೈಬಿಟ್ಟು ಹೋಯಿತು. ರೇಸ್ ಕಾರಿನ ಹೆಡ್ ಹಾಕಿಸಿ, ದುಡ್ಡೂ ಸುರಿದು, ಏರಿನಲ್ಲಿ ಮೊದಲಿಗಿಂತ ಮಂಕಾದ ಕಾರು ಓಡಿಸಬೇಕಾಗುತ್ತದೆ. ಅಂಬಾಸಿಡರ್‌ನ ಹಳೆ ಪೆಟ್ರೋಲ್ ಇಂಜಿನ್ನಿನ ಕಂಪ್ರೆಶನ್ ಮೊದಲೇ ಕಡಿಮೆ, 7.2ರ ಆಸುಪಾಸು. ಅದರ ಮೇಲೆ ಹೀಗೆ ಮಾಡಿದರೆ ಪರಿಣಾಮ ಇನ್ನೂ ಕೆಟ್ಟದ್ದು.

ಪರಿಹಾರ ಇದೆ. ಹೆಡ್‌ನ ಅಡಿಭಾಗವನ್ನು ಮೆಷಿನ್‌ಗೆ ಕೊಟ್ಟು ಹೆರೆಸುವುದು, ನಮ್ಮ ಗ್ಯಾರೇಜಿನ ಮಾತಲ್ಲಿ ಫೇಸಿಂಗ್. ಆದರೆ ನಾಲ್ಕೂ ಮುಕ್ಕಾಲು ಸಿಸಿ ವಾಪಸ್ ತರಬೇಕಾದರೆ ಅಂದಾಜು ಒಂದೂವರೆ ಮಿಲಿಮೀಟರ್ ಹೆರೆಯಬೇಕು. ಇದು ಸಣ್ಣ ಕೆಲಸವಲ್ಲ. ಹಿಂದೆ ಯಾರೋ ಎರಡು ಸಲ ಹೆರೆಸಿದ ಹೆಡ್ ಆಗಿದ್ದರೆ ಅಷ್ಟು ಕಬ್ಬಿಣ ಬಾಕಿ ಇರುವುದಿಲ್ಲ. ಹೆಡ್ ತಗ್ಗಿದಷ್ಟು ಪುಶ್‌ರಾಡ್ ಉದ್ದವಾದಂತೆ ಆಗುತ್ತದೆ, ರಾಕರ್ ಓರೆಯಾಗುತ್ತದೆ. ರಾಕರ್ ಕಂಬದ ಕೆಳಗೆ ತೆಳುವಾದ ತಗಡು ಕೊಟ್ಟು ಸರಿಮಾಡಬೇಕು. ಒಂದು ಮುಟ್ಟಿದರೆ ಇನ್ನೊಂದು.

ಇದಕ್ಕೆ ಉಲ್ಟಾ ಕೆಲಸವೂ ಉಂಟು. ಎಂಜಿಬಿ ಬ್ಲಾಕಿನ ಮೇಲೆ ಎಂಜಿಎ 1500ರ ಸಣ್ಣ ಚೇಂಬರಿನ ಹೆಡ್ ಕೂರಿಸಿದರೆ ಕಂಪ್ರೆಶನ್ 8.8ರಿಂದ ಸುಮಾರು 9.5ಕ್ಕೆ ಏರುತ್ತದೆ. ಕೇಳಲು ಚೆಂದ. ಆದರೆ ದೊಡ್ಡ ಇಂಜಿನ್ನಿಗೆ ಸಣ್ಣ ವಾಲ್ವ್‌ನ ಉಸಿರು ಸಾಲದು, ಟೈಮಿಂಗ್ ತಪ್ಪಿದರೆ ನಾಕಿಂಗ್ ಶುರು. ಆ ಟಣಟಣ ಸದ್ದನ್ನು ಕಡೆಗಣಿಸಿ ಓಡಿಸಿದರೆ ಪಿಸ್ಟನ್ ಒಡೆಯುವವರೆಗೂ ಹೋಗುತ್ತದೆ.

ವಾಲ್ವ್ ಬಂದು ಬ್ಲಾಕಿಗೆ ಬಡಿದರೆ?

ಕಂಪ್ರೆಶನ್ ತಪ್ಪಿದರೆ ಕಾರು ಮಂಕಾಗುತ್ತದೆ ಅಷ್ಟೇ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎಂಜಿಬಿ ಹೆಡ್‌ನ ವಾಲ್ವ್‌ಗಳು 80 ಮಿ.ಮೀ. ಬಾಯಿಗೆ ಹೊಂದುವಂತೆ ಮಾಡಿದವು. ಕೆಳಗಿರುವುದು 73 ಮಿ.ಮೀ. ಬಾಯಿ. ವಾಲ್ವ್ ಪೂರ್ತಿ ಇಳಿದಾಗ ಅದರ ಅಂಚು ಸಿಲಿಂಡರಿನ ಒಳಗೆ ಹೋಗದೆ ಬ್ಲಾಕಿನ ಮೇಲ್ಮೈಗೆ ಬಡಿಯುವ ಸಂಭವ ಉಂಟು. ಬಡಿದರೆ ವಾಲ್ವ್ ಬಾಗುತ್ತದೆ ಅಥವಾ ಮುರಿಯುತ್ತದೆ. ಮುರಿದ ತುಂಡು ಪಿಸ್ಟನ್ ಮೇಲೆ ಬಿದ್ದರೆ ಇಂಜಿನ್ ಕಥೆ ಮುಗಿದಂತೆ. ಇದನ್ನು ತಪ್ಪಿಸಲು ಬ್ಲಾಕಿನ ಅಂಚಿನಲ್ಲಿ ವಾಲ್ವ್ ಇಳಿಯುವ ಕಡೆ ಸಣ್ಣ ಅರ್ಧಚಂದ್ರದಂತೆ ಕಡಿದು ಜಾಗ ಮಾಡುತ್ತಾರೆ. ಕಡಿಯುವಾಗ ಪಿಸ್ಟನ್ ರಿಂಗ್ ಬರುವ ಮಟ್ಟದವರೆಗೆ ಹೋಗಬಾರದು. ಹೋದರೆ ಬ್ಲಾಕೂ ಹಾಳು.

ನೆನಪಿಡಿ, ಹೆಡ್ ಸಿಗುತ್ತದೆ. ನಿಮ್ಮ ಕಾರಿನ ಬ್ಲಾಕ್ ಒಂದೇ ಇರುವುದು.

ಅಳೆಯುವ ವಿದ್ಯೆ

ಇದೆಲ್ಲ ಕೇಳಿ ಹೆದರಬೇಕಿಲ್ಲ. ಅಳೆಯಲು ದೊಡ್ಡ ಕಾರ್ಖಾನೆ ಬೇಡ, ಹೋಬಳಿ ಊರಿನ ಗ್ಯಾರೇಜಿನಲ್ಲೂ ಆಗುತ್ತದೆ.

ಚೇಂಬರ್ ಅಳೆಯಲು ಬೇಕಾದದ್ದು ಮೆಡಿಕಲ್ ಶಾಪಿನ ದೊಡ್ಡ ಸಿರಿಂಜ್, ಒಂದು ತೂತು ಕೊರೆದ ಗಟ್ಟಿ ಪ್ಲಾಸ್ಟಿಕ್ ಹಾಳೆ, ಸ್ವಲ್ಪ ಗ್ರೀಸ್, ಸ್ವಲ್ಪ ಸೀಮೆಎಣ್ಣೆ. ಹೆಡ್ ಮಗುಚಿ ಇಟ್ಟು, ವಾಲ್ವ್ ಪ್ಲಗ್ ಎಲ್ಲ ಹಾಕಿ, ಚೇಂಬರಿನ ಅಂಚಿಗೆ ಗ್ರೀಸ್ ಸವರಿ ಪ್ಲಾಸ್ಟಿಕ್ ಹಾಳೆ ಒತ್ತಬೇಕು. ತೂತಿನಿಂದ ಸೀಮೆಎಣ್ಣೆ ಬಿಡುತ್ತಾ, ಗಾಳಿಗುಳ್ಳೆ ಇಲ್ಲದೆ ತುಂಬುವವರೆಗೆ ಎಷ್ಟು ಹಿಡಿಯಿತು ಎಂದು ಬರೆದುಕೊಳ್ಳಬೇಕು. ನಾಲ್ಕೂ ಚೇಂಬರಿಗೆ ಹೀಗೆಯೇ. ಹಳೆ ಹೆಡ್‌ನದೂ ಅಳೆಯಿರಿ, ಹೊಸದಾಗಿ ತಂದದ್ದೂ ಅಳೆಯಿರಿ. ಆಗ ಮೇಲೆ ಹೇಳಿದ ಭಾಗಾಕಾರ ಯಾರು ಬೇಕಾದರೂ ಮಾಡಬಹುದು.

ವಾಲ್ವ್ ಬಡಿಯುತ್ತದೋ ಇಲ್ಲವೋ ನೋಡಲು ಮಕ್ಕಳು ಆಡುವ ಕ್ಲೇ ಸಾಕು. ಬ್ಲಾಕಿನ ಅಂಚಿಗೂ ಪಿಸ್ಟನ್ ತಲೆಗೂ ತೆಳ್ಳಗೆ ಮೆತ್ತಿ, ಗ್ಯಾಸ್ಕೆಟ್ ಸಮೇತ ಹೆಡ್ ಕೂರಿಸಿ, ಟ್ಯಾಪೆಟ್ ಹೊಂದಿಸಿ, ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಬೇಕು. ಸ್ಟಾರ್ಟರ್ ಮುಟ್ಟಲೇಬಾರದು. ಮತ್ತೆ ಬಿಚ್ಚಿ ನೋಡಿದರೆ ವಾಲ್ವ್ ಎಲ್ಲಿಯವರೆಗೆ ಇಳಿದಿದೆ ಎಂದು ಕ್ಲೇ ಮೇಲೆ ಅಚ್ಚು ಬಿದ್ದಿರುತ್ತದೆ.

ಹೆಡ್ ಸೊಟ್ಟಗಾಗಿದೆಯೇ ಎಂದು ನೋಡಲು ನೆಟ್ಟಗಿನ ಉಕ್ಕಿನ ಪಟ್ಟಿ ಮತ್ತು ಫೀಲರ್ ಗೇಜ್ ಬೇಕು. ಘಾಟಿಯಲ್ಲಿ ನೀರು ಕುದಿಸಿಕೊಂಡ ಕಾರಿನ ಹೆಡ್ ಸೊಟ್ಟಗಾಗುವುದೂ, ಗ್ಯಾಸ್ಕೆಟ್ ಹೋಗುವುದೂ, ಇಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುವುದೂ ಹಳೆ ಡ್ರೈವರುಗಳಿಗೆ ಹೊಸ ವಿಷಯವಲ್ಲ. ಬಿರುಕು ಪರೀಕ್ಷೆಯನ್ನು ಮಾತ್ರ ಪೇಟೆಯ ಇಂಜಿನಿಯರಿಂಗ್ ವರ್ಕ್ಸ್‌ಗೆ ಕೊಟ್ಟು ಮಾಡಿಸುವುದೇ ಒಳ್ಳೆಯದು. ಅಮೆರಿಕದ ಮಾರುಕಟ್ಟೆಗೆ ಮಾಡಿದ ಕೊನೆಗಾಲದ ಕೆಲವು ಎಂಜಿಬಿ ಹೆಡ್‌ಗಳು ಬಿರುಕು ಬಿಡುವುದಕ್ಕೆ ಹೆಸರಾದವು. ಹೊರದೇಶದಿಂದ ಹೆಡ್ ತರಿಸುವವರು ಇದನ್ನು ಕೇಳಿಯೇ ದುಡ್ಡು ಕೊಡಬೇಕು.

ಕೂರಿಸುವಾಗ ನಟ್ ಬಿಗಿ ಮಾಡುವ ಕ್ರಮವೂ ಮುಖ್ಯ. ನಡುವಿನಿಂದ ಶುರುಮಾಡಿ ಹೊರಕ್ಕೆ, ಸ್ವಲ್ಪ ಸ್ವಲ್ಪವಾಗಿ. ಎಂಜಿಎಗೆ ಹೇಳಿರುವ ಬಿಗಿ 50 ಪೌಂಡ್-ಅಡಿ. "ಕೈ ಅಂದಾಜು ಸಾಕು" ಎನ್ನುವವರಿಗೆ ದಯವಿಟ್ಟು ಟಾರ್ಕ್ ರೆಂಚ್ ಕೊಡಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ, ಟ್ಯಾಪೆಟ್ ಹೊಂದಿಸಬೇಕು.

ಡೀಸೆಲ್ ಹೆಡ್‌ಗೆ ಕೈ ಹಾಕಬೇಡಿ

ನಮ್ಮ ಕಡೆ ಗುಜರಿ ಅಂಗಡಿಗಳಲ್ಲಿ ಹೆಚ್ಚು ಕಾಣಸಿಗುವುದು ಡೀಸೆಲ್ ಅಂಬಾಸಿಡರ್‌ನ ಭಾಗಗಳು. ಆ ಡೀಸೆಲ್ ಇಂಜಿನ್ನೂ 1489 ಸಿಸಿಯದೇ, ಇದೇ ಮನೆತನದ್ದೇ. ಹಾಗಂತ ಅದರ ಹೆಡ್ ಪೆಟ್ರೋಲ್ ಬ್ಲಾಕಿಗೆ ಬರುವುದಿಲ್ಲ. ಡೀಸೆಲ್ ಇಂಜಿನ್ ಉರಿಯುವುದು ಪ್ಲಗ್‌ನ ಕಿಡಿಯಿಂದಲ್ಲ, ಒತ್ತಡದ ಕಾವಿನಿಂದ. ಅದರ ಕಂಪ್ರೆಶನ್ 20ಕ್ಕೂ ಮೇಲೆ. ಇಂಜೆಕ್ಟರ್ ಜಾಗ, ಚೇಂಬರ್ ಎಲ್ಲ ಬೇರೆ. 1992ರ ನಂತರ ಬಂದ 1800 ಇಸುಜು ಇಂಜಿನ್ನಿನ ಅಂಬಾಸಿಡರ್ ಅಂತೂ ಬೇರೆ ಮನೆತನವೇ, ಅದರ ಹೆಡ್ ಈ ಲೆಕ್ಕಕ್ಕೇ ಸೇರುವುದಿಲ್ಲ. ಕಾರಿನ ಹೆಸರು ಒಂದೇ ಎಂದು ಮೋಸ ಹೋಗಬಾರದು.

ಇನ್ನೊಂದು ಸಂಗತಿ ಪೆಟ್ರೋಲಿನದು. ಈ ಇಂಜಿನ್‌ಗಳು ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ವಾಲ್ವ್ ಬಂದು ಕೂರುವ ಜಾಗಕ್ಕೆ ಆ ಸೀಸವೇ ಒಂದು ಪದರದಂತೆ ರಕ್ಷಣೆ ಕೊಡುತ್ತಿತ್ತು. 2000ನೇ ಇಸವಿಯಿಂದ ಭಾರತದಲ್ಲಿ ಎಲ್ಲೆಡೆ ಸೀಸರಹಿತ ಪೆಟ್ರೋಲ್. ಎರಕದ ಕಬ್ಬಿಣದಲ್ಲೇ ಕಡೆದ ಎಕ್ಸಾಸ್ಟ್ ಸೀಟು ಜೋರಾಗಿ ಓಡಿಸಿದಾಗ ನಿಧಾನಕ್ಕೆ ಸವೆದು ವಾಲ್ವ್ ಒಳಗೆ ಇಳಿಯುತ್ತದೆ, ಟ್ಯಾಪೆಟ್ ಪದೇಪದೇ ಬಿಗಿಯಾಗುತ್ತದೆ. ಹೆಡ್ ಹೇಗೂ ಬಿಚ್ಚಿದ್ದಾಗ ಗಟ್ಟಿ ಉಕ್ಕಿನ ಸೀಟು ರಿಂಗ್ ಕೂರಿಸಿಬಿಟ್ಟರೆ ಈ ತಲೆನೋವು ಮುಗಿಯುತ್ತದೆ. ಎಷ್ಟೋ ಸಲ ಎಂಜಿ ಹೆಡ್ ಹುಡುಕಿಕೊಂಡು ಅಲೆಯುವುದಕ್ಕಿಂತ, ಇದ್ದ ಹೆಡ್‌ಗೇ ಹೊಸ ಸೀಟು, ಹೊಸ ಗೈಡು, ಒಳ್ಳೆಯ ವಾಲ್ವ್ ಗ್ರೈಂಡಿಂಗ್ ಮಾಡಿಸಿದರೆ ಕಡಿಮೆ ಖರ್ಚಲ್ಲಿ ಒಳ್ಳೆಯ ಇಂಜಿನ್ ಕೈಗೆ ಬರುತ್ತದೆ.

ಕಾನೂನು ಏನು ಹೇಳುತ್ತದೆ?

ಇಂಜಿನ್ ನಂಬರ್ ಇರುವುದು ಬ್ಲಾಕಿನಲ್ಲಿ, ಹೆಡ್‌ನಲ್ಲಲ್ಲ. ಹಾಗಾಗಿ ಹೆಡ್ ಬದಲಿಸಿದರೆ ಆರ್‌ಸಿಯಲ್ಲಿನ ನಂಬರ್ ಬದಲಾಗುವುದಿಲ್ಲ. "ಹಾಗಾದ್ರೆ ಆರ್‌ಟಿಒ ತಕರಾರೇ ಇಲ್ಲ" ಎಂದು ಹಲವರು ಭಾವಿಸುತ್ತಾರೆ. ಆದರೆ ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ ಎಂಬುದು ನೆನಪಿರಲಿ.

ಅದಕ್ಕಿಂತ ಮುಖ್ಯವಾದದ್ದು 2021ರಲ್ಲಿ ಕೇಂದ್ರ ಸರಕಾರ ತಂದ ವಿಂಟೇಜ್ ವಾಹನ ನಿಯಮ. 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20 ಸಾವಿರ ರೂಪಾಯಿ, 10 ವರ್ಷದ ಅವಧಿ, ನಂತರದ ನವೀಕರಣಕ್ಕೆ 5 ಸಾವಿರ. ಆದರೆ ಷರತ್ತು ಇದೆ. ವಾಹನ ಮೂಲರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಬಾಡಿಗೆಗೆ ಓಡಿಸುವ ಹಾಗಿಲ್ಲ.

1960ರ ದಶಕದ ಅಂಬಾಸಿಡರ್ ಇಂದು ಈ ವಯಸ್ಸಿನ ಗೆರೆ ದಾಟಿದೆ. ಎಲ್ಲ ಎಂಜಿಎಗಳೂ ದಾಟಿವೆ. ಬ್ಲಾಕ್ ಕಡಿದು, ಜೋಡಿ ಕಾರ್ಬುರೇಟರ್ ಕೂರಿಸಿ, ದೊಡ್ಡ ವಾಲ್ವ್‌ನ ಹೆಡ್ ಹಾಕಿಸಿದ ಮೇಲೆ "ಮೂಲರೂಪದಲ್ಲೇ ಇದೆ" ಎಂದು ಅರ್ಜಿಯಲ್ಲಿ ಬರೆಯುವುದು ಕಷ್ಟ. ಆದ್ದರಿಂದ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು: ಕಾರು ಚುರುಕಾಗಿ ಓಡಬೇಕೋ, ಇದ್ದ ಹಾಗೆ ಉಳಿಯಬೇಕೋ? ಎರಡೂ ತಪ್ಪಲ್ಲ. ಆದರೆ ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಒಂದು ಮಧ್ಯದ ದಾರಿ ಇದೆ. ಬ್ಲಾಕಿಗೆ ಏನೂ ಮಾಡದೆ, ಬಿಚ್ಚಿದ ಹಳೆ ಹೆಡ್, ಮ್ಯಾನಿಫೋಲ್ಡ್, ಕಾರ್ಬುರೇಟರ್‌ಗಳನ್ನು ಎಣ್ಣೆ ಸವರಿ ಜೋಪಾನವಾಗಿ ಕಟ್ಟಿಡುವುದು. ನಾಳೆ ಬೇಕೆಂದರೆ ಮರಳಿ ಕೂರಿಸಬಹುದು. ಹಳೆ ಕಾರುಗಳನ್ನು ಮೂಲರೂಪದಲ್ಲಿ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ ಸಂಗ್ರಹ ಇದೆ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಮ್ಯೂಸಿಯಂನಲ್ಲೂ ಇದೆ. ಕೆಲಸಕ್ಕೆ ಕೈಹಾಕುವ ಮೊದಲು ಒಮ್ಮೆ ಹೋಗಿ ನೋಡಿ ಬಂದರೆ ಒಳ್ಳೆಯದು.

ತೂಕಕ್ಕೆ ಹಾಕುವ ಮೊದಲು

2014ರಲ್ಲಿ ಉತ್ತರಪಾರಾ ಕಾರ್ಖಾನೆ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಟ್ಯಾಕ್ಸಿ ಸ್ಟ್ಯಾಂಡುಗಳಿಂದ ಕಾರು ಮರೆಯಾದಂತೆ ಆ ಇಂಜಿನ್ನಿನ ಭಾಗಗಳು ಗುಜರಿಗೆ ಹೋಗುತ್ತಿವೆ. ಎರಕದ ಕಬ್ಬಿಣ ಎಂದು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ. ಈ ವ್ಯಾಪಾರದಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿ. ಬಿ-ಸೀರೀಸ್ ಹೆಡ್ ಕೈಗೆ ಬಂದರೆ ತೂಕಕ್ಕೆ ಹಾಕುವ ಮೊದಲು ರಾಕರ್ ಕವರ್ ಬಿಚ್ಚಿ, ಜಿಡ್ಡು ಒರೆಸಿ, ಮೇಲ್ಮೈಯಲ್ಲಿ ಎರಕದಲ್ಲೇ ಮೂಡಿಸಿದ ಅಂಕೆ ನೋಡಿ. '15' ಎಂದಿದ್ದರೆ 1500ರ ಹೆಡ್, '16' ಎಂದಿದ್ದರೆ 1622 ಸಿಸಿಯದು. '12 ಎಚ್' ಎಂದು ಶುರುವಾಗಿ ಮುಂದೆ ಅಂಕೆಗಳಿದ್ದರೆ ಎಂಜಿಬಿ ಕಾಲದ ಹೆಡ್ ಆಗಿರುವ ಸಾಧ್ಯತೆ ಹೆಚ್ಚು. '12 ಎಚ್ 2923' ಎಂದಿದ್ದರೆ 41.3 ಮಿ.ಮೀ. ವಾಲ್ವ್‌ನದು. ಬಿರುಕಿಲ್ಲದ ಇಂಥ ಹೆಡ್ ಹುಡುಕುವವರು ಬೆಂಗಳೂರಿನಲ್ಲೂ ಇದ್ದಾರೆ, ಹೊರದೇಶದಲ್ಲೂ ಇದ್ದಾರೆ. ಕಬ್ಬಿಣದ ಬೆಲೆಯಲ್ಲಿ ಮಾರಿದರೆ ನಷ್ಟ ಅಂಗಡಿಯವರಿಗೇ.

ಗ್ಯಾರೇಜ್ ನಡೆಸುವ ಹಿರಿಯ ಮೇಸ್ತ್ರಿಗಳಲ್ಲೂ ಒಂದು ಮಾತು. ಯಾವ ಹೆಡ್ ಯಾವ ಬ್ಲಾಕಿಗೆ ಕೂರುತ್ತದೆ, ಎಷ್ಟು ಹೆರೆದರೆ ಸಾಕು, ಎಲ್ಲಿ ಕಡಿಯಬೇಕು ಎಂಬುದು ನಿಮ್ಮ ಕೈಗೆ ಗೊತ್ತು, ಪುಸ್ತಕದಲ್ಲಿಲ್ಲ. ಇಂದಿನ ಹುಡುಗರು ಕಲಿಯುತ್ತಿರುವುದು ಲ್ಯಾಪ್‌ಟಾಪ್ ಚುಚ್ಚಿ ನೋಡುವ ಇಂಜಿನ್, ಅದು ಅವರಿಗೆ ಬೇಕೇಬೇಕು. ಆದರೂ ಮುಂದಿನ ಸಲ ಹಳೆ ಇಂಜಿನ್ ಬಿಚ್ಚಿದಾಗ ಒಬ್ಬ ಹುಡುಗನನ್ನು ಪಕ್ಕಕ್ಕೆ ಕರೆದು, ಸಿರಿಂಜ್ ಅವನ ಕೈಗೆ ಕೊಟ್ಟು, ನಾಲ್ಕು ಚೇಂಬರಿನ ಅಳತೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಕಾರಿನ ನಂಬರ್, ಹೆಡ್‌ನ ಅಂಕೆ, ಹೆರೆದದ್ದು ಎಷ್ಟು, ತಾರೀಕು. ಇಷ್ಟು ಸಾಕು. ಹತ್ತು ವರ್ಷದ ನಂತರ ಇನ್ನೊಬ್ಬರು ಆ ಇಂಜಿನ್ ಬಿಚ್ಚಿದಾಗ ಆ ಒಂದು ಪುಟ ಅವರಿಗೆ ದಾರಿ ತೋರಿಸುತ್ತದೆ.